ಡಿಕ್ಕಿ ಮುಚ್ಚಳದ ಮೇಲಿನ ಮುಖ

ಫೆರ್ಮಿನ್ ಬಣ್ಣದ ಡಬ್ಬಿಗಳನ್ನು ದಾಟಿ, ಹಳೆಯ ಟೈರುಗಳ ಮೇಲೆ ಕಾಲಿಟ್ಟು, ಕಾರಿನ ಮೂತಿಯ ಕಡೆಯಿಂದ ಸುತ್ತಿ ಬಂದು ಚಾಲಕನ ಬಾಗಿಲಿಗೆ ಕೈ ಹಾಕಿದ. ಶೆಡ್ಡಿನ ಬಾಗಿಲಿನಿಂದ ಆ ಸೀಟಿಗೆ ಹತ್ತಿರದ ದಾರಿ ಇದ್ದದ್ದು ಹಿಂದುಗಡೆಯಿಂದ, ಡಿಕ್ಕಿಯ ಪಕ್ಕದಲ್ಲಿ. ಎಪ್ಪತ್ತು ದಾಟಿದ, ಮಂಡಿ ನೋವಿನ ಮನುಷ್ಯ ಆ ದಾರಿ ಬಿಟ್ಟು ಟೈರು ಹತ್ತಿ ಇಳಿದದ್ದನ್ನು ಓರ್ಲಿಂಡಾ ನೋಡಿದಳು.

ಅವಳು ಕಾರಿಗೆ ಹೊದಿಸಿದ್ದ ಬಿಳಿಯ ಬಟ್ಟೆಯನ್ನು ಬಾನೆಟ್ಟಿನಿಂದ ಹಿಂದಕ್ಕೆ ಮಡಚುತ್ತ ಹೊರಟಿದ್ದಳು. ಬಟ್ಟೆ ಸರಿದಲ್ಲೆಲ್ಲ ಹಣ್ಣಾದ ಚೆರಿಯ ಬಣ್ಣ ಹೊಳೆಯಿತು. ಹಿಂದಿನ ಗಾಜಿನವರೆಗೆ ಬಂದಾಗ ಫೆರ್ಮಿನ್, ಹಿಂಭಾಗಕ್ಕೆ ಬಟ್ಟೆ ಹಾಗೇ ಇರಲಿ, ಹೊರಗೆ ಹಿಮ ಬೀಳುವ ಹಾಗಿದೆ, ಬಣ್ಣ ಹಾಳಾದೀತು ಎಂದ.

"ಅಪ್ಪನ ಮೆರವಣಿಗೆ ಇದು, ಚಿಕ್ಕಪ್ಪ. ಅರ್ಧ ಕಂಬಳಿ ಹೊದ್ಕೊಂಡಿರೋ ಕಾರು ತಗೊಂಡು ಹೋದ್ರೆ ಊರವರು ನಗಲ್ವಾ?" ಎಂದು ಅವಳು ಬಟ್ಟೆಯನ್ನು ಪೂರ್ತಿ ಎಳೆದುಬಿಟ್ಟಳು.

ಫೆರ್ಮಿನ್ ತಲೆ ತಗ್ಗಿಸಿ ಸೀಟಿನಲ್ಲಿ ಕೂತ. ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಈಗ ಅದರಲ್ಲಿ ಕಾರಿನ ಚಾವಣಿಯ ವೆಲ್ವೆಟ್ ಮಾತ್ರ ಕಾಣುತ್ತಿತ್ತು.

ಓರ್ಲಿಂಡಾಳ ಅಪ್ಪ, ಫೆರ್ಮಿನ್‌ನ ಹಳೆಯ ಗೆಳೆಯ ಬೆಲಾರ್ಮಿನೊ ಮಂಗಳವಾರ ತೀರಿಕೊಂಡಿದ್ದ. ಬೆಳಗ್ಗೆ ಶಾಲೆಯ ಬಸ್ಸು ಓಡಿಸಿ, ಮಧ್ಯಾಹ್ನದ ಮೇಲೆ ಕಾರುಗಳಿಗೆ ಚಿತ್ರ ಬರೆದು ಆಯುಷ್ಯ ಕಳೆದವನು. ಯಾರ ಹತ್ತಿರವೂ ಕಲಿತವನಲ್ಲ. ಮೊದಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಮಾಂಸದಂಗಡಿಯವನಿಗೆ ಅವನು ಬರೆದುಕೊಟ್ಟ ಹಂದಿ ಎಷ್ಟು ಸಂತೋಷದಿಂದ ನಗುತ್ತಿತ್ತೆಂದರೆ, ಇದನ್ನು ನೋಡಿದ ಮೇಲೆ ಯಾರಯ್ಯಾ ಹಂದಿ ತಿಂದಾರು ಎಂದು ಅಂಗಡಿಯವನು ಜಗಳಕ್ಕೇ ಬಂದಿದ್ದ. ಆಮೇಲೆ ಎಸ್ಪನ್ಯೋಲಾ ಕಣಿವೆಯ ಹುಡುಗರು ಹಳೆಯ ಕಾರುಗಳನ್ನು ನೆಲ ಸವರುವಷ್ಟು ತಗ್ಗಿಸಿ, ಚಕ್ರದ ಹತ್ತಿರ ಪಂಪು ಕೂರಿಸಿ, ಏಳು ಎಂದರೆ ಏಳುವ ಕೂರು ಎಂದರೆ ಕೂರುವ ಹಾಗೆ ಪಳಗಿಸಲು ಶುರುಮಾಡಿದರು. ಅವುಗಳ ಮೈಮೇಲೆ ಸಂತರನ್ನು, ದೇವಮಾತೆಯನ್ನು, ಸತ್ತ ಗೆಳೆಯರನ್ನು ಬರೆಯಲು ಬೆಲಾರ್ಮಿನೊನೇ ಬೇಕಾಯಿತು. ಅವನು ಬರೆದ ದೇವಮಾತೆಯರಿಗೆಲ್ಲ ಅವನ ಹೆಂಡತಿಯ ಗದ್ದವಿತ್ತು. ಪಾದ್ರಿಗಳು ಒಂದೆರಡು ಸಲ ಆಕ್ಷೇಪಿಸಿ ಸುಮ್ಮನಾದರು.

ಆಸ್ಪತ್ರೆಯಲ್ಲಿ ಕೊನೆಗೆ ಅವನು ಮಗಳಿಗೆ ಹೇಳಿದ್ದು ಒಂದೇ ಮಾತು. ನನ್ನ ಕಾರನ್ನು ಫೆರ್ಮಿನ್ ಓಡಿಸಬೇಕು, ಬೇರೆ ಯಾರೂ ಕೂಡದು.

ಸತ್ತವನ ಮಾತಿಗೆ ಇಲ್ಲ ಎನ್ನುವುದು ಹೇಗೆ? ಫೆರ್ಮಿನ್ ಹೂಂ ಎಂದಿದ್ದ. ಹೂಂ ಎಂದ ಗಳಿಗೆಯಿಂದ ಅವನಿಗೆ ನಿದ್ದೆ ಇರಲಿಲ್ಲ.

*

ಆಗ ಅವರೆಲ್ಲ ಮೀಸೆ ಚಿಗುರುವ ಹುಡುಗರು. ಟ್ರಾಂಕಿಲಿನೊ, ಒನೆಸಿಮೊ, ಬೆಲಾರ್ಮಿನೊನ ತಮ್ಮ ಸಬಿನೊ, ಮತ್ತು ಫೆರ್ಮಿನ್. ನಾಲ್ವರೂ ಒಂದು ಪಿಕಪ್ಪಿನಲ್ಲಿ ಉತ್ತರಕ್ಕೆ ಹೊರಟಿದ್ದರು. ಕಿಟಕಿಯ ಪಕ್ಕ ಯಾರು ಕೂರಬೇಕು ಎಂದು ದಾರಿಯಲ್ಲಿ ಜಗಳವಾಯಿತು. ಫೆರ್ಮಿನ್ ಸಿಟ್ಟು ಮಾಡಿಕೊಂಡು ಇಳಿದ. ಹಿಂದೆ ಬಂದ ಲಾರಿಗೆ ಕೈ ತೋರಿಸಿ ಹತ್ತಿ, ಗಡಿಯಾಚೆ ಕೊಲೊರಾಡೊ ರಾಜ್ಯದ ಆಲೂಗಡ್ಡೆ ಹೊಲಗಳಿಗೆ ಹೊರಟುಹೋದ. ಮನೆಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಆ ವಯಸ್ಸಿನಲ್ಲಿ ಯಾರು ಹೇಳುತ್ತಾರೆ?

ಪಿಕಪ್ಪು ಕಮರಿಯ ತಿರುವಿನಲ್ಲಿ ಹೊಳೆಗೆ ಬಿತ್ತು. ಮೂವರ ಹೆಣ ಸಿಕ್ಕಿತು. ನಾಲ್ಕನೆಯದನ್ನು ರಿಯೊ ಗ್ರಾಂದೆ ಹೊಳೆ ಕೊಚ್ಚಿಕೊಂಡು ಹೋಯಿತು ಎಂದು ಎಲ್ಲರೂ ನಂಬಿದರು. ಫೆರ್ಮಿನ್‌ನ ತಾಯಿ ಕಪ್ಪು ಬಟ್ಟೆ ತೊಟ್ಟು ಮಗನ ಹೆಸರಿನಲ್ಲಿ ಪೂಜೆ ಮಾಡಿಸಿದಳು. ಬೆಲಾರ್ಮಿನೊ ತನ್ನ ಕಾರಿನ ಡಿಕ್ಕಿ ಮುಚ್ಚಳದ ಮೇಲೆ ನಾಲ್ಕು ಮುಖ ಬರೆದ. ಒಂದೊಂದರ ಕೆಳಗೆ ರಿಬ್ಬನ್ನಿನ ಹಾಗೆ ಸುತ್ತಿಕೊಂಡ ಪಟ್ಟಿ, ಅದರೊಳಗೆ ಹೆಸರು. ಮೇಲೆ ಕನ್ನಡಿಯಂಥ ವಾರ್ನಿಶ್ ಹೊಡೆದ.

ಹೊಲದ ಕೆಲಸ ಮುಗಿದ ಮೇಲೆ ಫೆರ್ಮಿನ್ ಊರಿಗೆ ಬಂದ. ಬಿಸಿಲಿಗೆ ಕಪ್ಪಾಗಿ, ತಾಯಿಗೊಂದು ಸ್ಕಾರ್ಫು ಹಿಡಿದುಕೊಂಡು, ಸಿಳ್ಳೆ ಹಾಕುತ್ತ ಬಂದ. ದಾರಿಯಲ್ಲಿ ಒಬ್ಬ ಮುದುಕಿ ಅವನನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡು ಓಡಿದಳು. ಚರ್ಚಿನ ಮುಂದೆ ಆ ಕಾರು ನಿಂತಿತ್ತು. ಅದರ ಹಿಂಭಾಗದಲ್ಲಿ ಜನ ಮೇಣದಬತ್ತಿ ಹಚ್ಚಿಟ್ಟಿದ್ದರು. ಬಗ್ಗಿ ನೋಡಿದ. ಮೂವರು ಸತ್ತ ಗೆಳೆಯರ ಪಕ್ಕದಲ್ಲಿ ತಾನೇ ನಗುತ್ತಿದ್ದ.

ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ಊರು ಕುಣಿಯಿತು. ಆದರೆ ಆ ಮುಖವನ್ನು ಏನು ಮಾಡುವುದು? ಕಣಿವೆಯ ಬಣ್ಣಗಾರರಲ್ಲಿ ಒಂದು ಕಟ್ಟಳೆ ಇದೆ. ಹೂವನ್ನು ಅಳಿಸಬಹುದು, ಸಂತನ ನಿಲುವಂಗಿಯನ್ನು ತಿದ್ದಬಹುದು, ಆದರೆ ಮುಖಕ್ಕೆ ಒಮ್ಮೆ ವಾರ್ನಿಶ್ ಬಿದ್ದ ಮೇಲೆ ಎಮರಿ ಪೇಪರ್ ತಾಗಿಸಬಾರದು. ಸತ್ತವರ ಮುಖಕ್ಕೇ ತಾಗಿಸಬಾರದು ಎಂದ ಮೇಲೆ ಬದುಕಿರುವವನ ಮುಖವನ್ನು ಉಜ್ಜಿ ತೆಗೆಯುವವರು ಯಾರು? ತಾಯಿಯೇ ಡಿಕ್ಕಿಗೆ ಅಡ್ಡ ನಿಂತಳು. ನನ್ನ ಮಗನ ಮುಖ ಉಜ್ಜಬೇಡಿ ಎಂದು ಅತ್ತಳು.

ಬೆಲಾರ್ಮಿನೊ ತಮ್ಮನನ್ನು ಕಳೆದುಕೊಂಡವನು. ಕಣ್ಣು ಕೆಂಪಾಗಿತ್ತು. ಕುಂಚವನ್ನು ಜೇಬಿಗೆ ಸಿಕ್ಕಿಸಿಕೊಂಡು ಅವನು ಅಂದದ್ದು ಇಷ್ಟೇ.

"ಇರ್ಲಿ ಬಿಡು. ನಾನು ನೋಡ್ಕೋತೀನಿ."

ಏನು ನೋಡಿಕೊಳ್ಳುತ್ತಾನೆ, ಹೇಗೆ ನೋಡಿಕೊಳ್ಳುತ್ತಾನೆ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಊರು ಫೆರ್ಮಿನ್‌ಗೆ 'ದಿವಂಗತ' ಎಂದು ಹೆಸರಿಟ್ಟಿತು. ಏನು ದಿವಂಗತರೇ ಊಟ ಆಯ್ತಾ, ದಿವಂಗತರಿಗೆ ಇನ್ನೊಂದು ಲೋಟ ಬಿಯರ್ ಕೊಡ್ರಪ್ಪಾ. ಅವನೂ ನಗುತ್ತಿದ್ದ. ನಕ್ಕು ಮನೆಗೆ ಹೋಗಿ ದೀಪ ಉರಿಸಿಕೊಂಡೇ ಮಲಗುತ್ತಿದ್ದ. ಒಮ್ಮೆ ಯಾರದೋ ಮದುವೆಯಲ್ಲಿ ಒಬ್ಬ ಆ ಡಿಕ್ಕಿಯ ಚಿತ್ರದ ಮಾತೆತ್ತಿದ್ದಕ್ಕೆ ಫೆರ್ಮಿನ್ ತಟ್ಟೆ ಬಿಟ್ಟು ಎದ್ದುಹೋದ. ಆಮೇಲೆ ಅವನೆದುರು ಆ ಮಾತನ್ನು ಯಾರೂ ಎತ್ತಲಿಲ್ಲ. ಅವನೂ ಆ ಡಿಕ್ಕಿಯನ್ನು ಮತ್ತೆ ನೋಡಲಿಲ್ಲ.

ವರ್ಷಗಳು ಹೋದ ಹಾಗೆ ಕಣಿವೆಯ ಕಾರು ಕ್ಲಬ್ಬಿನ ಬೇರೆ ಹುಡುಗರೂ ಆ ಮುಚ್ಚಳ ಸೇರಿದರು. ಒಬ್ಬ ಯುದ್ಧದಲ್ಲಿ ಸತ್ತ, ಒಬ್ಬ ಸೂಜಿಯ ಚಟಕ್ಕೆ, ಒಬ್ಬ ಸುಮ್ಮನೆ ಹೃದಯ ನಿಂತು. ಅಲ್ಲಿಗೆ ಹೋದವರೆಲ್ಲ ಸತ್ತವರೇ ಎಂದು ಫೆರ್ಮಿನ್ ಲೆಕ್ಕ ಹಾಕುತ್ತಿದ್ದ. ಸತ್ತ ಮೇಲೆ ಹೋದವರು ಎಂಬುದು ಅವನಿಗೂ ಗೊತ್ತು. ಆದರೆ ಹೆದರಿದವನ ಲೆಕ್ಕಕ್ಕೆ ಹಿಂದು ಮುಂದು ಇರುವುದಿಲ್ಲ.

*

ಪೂಜೆ ಮುಗಿದು ಜನ ಚರ್ಚಿನ ಪಕ್ಕದ ಹಾಲಿನಲ್ಲಿ ಬಿಸಿ ಬಿಸಿ ಪೊಸೋಲೆ ಕುಡಿಯುತ್ತಿದ್ದರು. ಫೆರ್ಮಿನ್‌ನ ಹೆಂಡತಿ ಎಲೋಯ್ಸಾ ಪಾತ್ರೆಯ ಹಿಂದೆ ನಿಂತು ಜೋಳ, ಮಾಂಸ, ಕೆಂಪು ಮೆಣಸಿನ ಸಾರನ್ನು ಎಲ್ಲರ ಬಟ್ಟಲಿಗೂ ಹಾಕುತ್ತಿದ್ದಳು. ಗಂಡನ ಬಟ್ಟಲು ತುಂಬಿದ ಹಾಗೇ ಇರುವುದನ್ನು ಕಂಡು ಹತ್ತಿರ ಬಂದಳು.

"ಸತ್ತಿರೋದು ಅವ್ನು. ಮುಖ ಬಿಳಿಚಿಕೊಂಡಿರೋದು ನಿಂದು. ಎರಡು ತುತ್ತು ತಿನ್ನು."

ಫೆರ್ಮಿನ್ ತಿನ್ನಲಿಲ್ಲ. ಅವನ ಕಣ್ಣು ಕ್ಲಿಯೋಫಾಸನನ್ನು ಹುಡುಕುತ್ತಿತ್ತು. ಕ್ಲಿಯೋಫಾಸ್ ಕಾರು ಕ್ಲಬ್ಬಿನ ಅಧ್ಯಕ್ಷ, ಕೆಟ್ಟ ಗಾಡಿಗಳನ್ನು ಎಳೆಯುವ ಲಾರಿಯ ಮಾಲೀಕ. ಲಾರಿಯಷ್ಟೇ ದಪ್ಪ ಆಳು, ಆದರೆ ನಾಯಿ ಸತ್ತರೂ ಅಳುವವನು. ಈಗಾಗಲೇ ಅವನ ಮೂಗು ಕೆಂಪಾಗಿತ್ತು.

ಫೆರ್ಮಿನ್‌ಗೆ ಭಯವಿದ್ದದ್ದು ಹಾಜರಿಯದು. ಕ್ಲಬ್ಬಿನಲ್ಲಿ ಯಾರು ಸತ್ತರೂ ಬೆಲಾರ್ಮಿನೊನ ಕಾರನ್ನು ಸ್ಮಶಾನದಲ್ಲಿ ಗುಂಡಿಯ ಕಡೆಗೆ ಡಿಕ್ಕಿ ಮಾಡಿ ನಿಲ್ಲಿಸುತ್ತಾರೆ. ಮುಚ್ಚಳದ ಮೇಲಿನ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಒಂದೊಂದು ಹೆಸರಿಗೂ ಜನ ಸತ್ತವನ ಪರವಾಗಿ 'ಹಾಜರ್' ಎನ್ನುತ್ತಾರೆ, ಕಾರು ಹಿಂಗಾಲು ಮಡಚಿ ನೆಲಕ್ಕೆ ಕೂತು ಮತ್ತೆ ಏಳುತ್ತದೆ. ಕೊನೆಗೆ ಹೊಸದಾಗಿ ಹೋದವನ ಹೆಸರು. ಅಲ್ಲಿ ಯಾರ ಹೆಸರಿಗೆ ಹಾಜರ್ ಬಿತ್ತೋ ಅವನು ಆ ಕಡೆಯವನು. ಬದುಕಿರುವವನ ಹೆಸರು ಅಲ್ಲಿ ಕೂಗಿದರೆ ಏನಾಗುತ್ತದೆ? ಯಾರಿಗೂ ಗೊತ್ತಿಲ್ಲ, ಯಾರೂ ಕೂಗಿ ನೋಡಿರಲಿಲ್ಲ. ಕೂಗುತ್ತಿದ್ದವನು ಬೆಲಾರ್ಮಿನೊ. ಸಬಿನೊನ ಹೆಸರಾದ ಮೇಲೆ ಒಂದು ಸಲ ಕೆಮ್ಮಿ, ಫೆರ್ಮಿನ್‌ನ ಹೆಸರು ಬಿಟ್ಟು ಮುಂದಕ್ಕೆ ಹೋಗುತ್ತಿದ್ದ. ಆ ಕೆಮ್ಮು ಕೇಳಿದ ಮೇಲೆಯೇ ಫೆರ್ಮಿನ್ ಉಸಿರು ಬಿಡುತ್ತಿದ್ದ.

ಇಂದು ಕೆಮ್ಮಬೇಕಾದವನೇ ಪೆಟ್ಟಿಗೆಯಲ್ಲಿದ್ದ.

ಕ್ಲಿಯೋಫಾಸನನ್ನು ಮೂಲೆಗೆ ಕರೆದು ಫೆರ್ಮಿನ್, ಇವತ್ತು ಹೆಸರು ಕೂಗುವವರು ಯಾರು ಎಂದು ಕೇಳಿದ. ಕ್ಲಿಯೋಫಾಸ್ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡ.

"ನಾನೇ ಕೂಗೋದು, ದಿವಂಗತರೇ. ನಿಮ್ಮ ಹೆಸರು ಬರ್ತಿದ್ದ ಹಾಗೆ ಕೆಮ್ತೀನಿ. ಆಣೆ ಮಾಡ್ಲಾ?"

"ಮರೀಬೇಡಪ್ಪ."

"ಮರೆಯೋಕೆ ನೀವೇನು ಸತ್ತಿದೀರಾ?" ಎಂದು ನಗಲು ಹೋದ ಕ್ಲಿಯೋಫಾಸ್ ಅತ್ತುಬಿಟ್ಟ.

*

ಪ್ರತಿ ವರ್ಷ ಸತ್ತವರ ಹಬ್ಬ ಹತ್ತಿರ ಬಂದಾಗ ಬೆಲಾರ್ಮಿನೊ ಫೆರ್ಮಿನ್‌ನ ಮನೆಗೆ ಕಾಫಿಗೆ ಬರುತ್ತಿದ್ದ. ಅಡುಗೆಮನೆಯ ಕಿಟಕಿಗೆ ಬೆನ್ನು ಮಾಡಿ ತಾನು ಕೂತು, ಬೆಳಕು ಬೀಳುವ ಕುರ್ಚಿಯಲ್ಲಿ ಫೆರ್ಮಿನ್‌ನನ್ನು ಕೂರಿಸುತ್ತಿದ್ದ. ಮಾತು ಕಡಿಮೆ. ಎಲೋಯ್ಸಾ ಮಾಡಿದ ಸೋಂಪಿನ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ, ಕಣ್ಣು ಕಿರಿದು ಮಾಡಿ ಫೆರ್ಮಿನ್‌ನ ಮುಖವನ್ನು ನೋಡುತ್ತಿದ್ದ. ಆ ನೋಟ ಕುರಿ ಕೊಳ್ಳಲು ಬಂದವನ ನೋಟ. ಒಮ್ಮೊಮ್ಮೆ, ಸ್ವಲ್ಪ ಈ ಕಡೆ ತಿರುಗು, ಕಣ್ಣಿನ ಕೆಳಗೆ ಅದೇನು ಎನ್ನುತ್ತಿದ್ದ. ಹಲ್ಲು ಬಿತ್ತಾ, ಯಾವ ಕಡೆಯದು ಎಂದು ಕೇಳುತ್ತಿದ್ದ.

ಹೆದರುವವನ ಮೇಲೆ ಹಾವು ಎಸೆದ ಹಾಗೆ ಆಗುತ್ತಿತ್ತು ಫೆರ್ಮಿನ್‌ಗೆ. ಸಾವು ಎಷ್ಟು ಹತ್ತಿರ ಬಂದಿದೆ ಎಂದು ಅಳೆಯುತ್ತಿದ್ದಾನೆ ಎಂದೇ ಅವನ ಎಣಿಕೆ. ಎಷ್ಟೆಂದರೂ ಸತ್ತವರ ಮುಖ ಬರೆದು ಬರೆದು ಪಳಗಿದ ಕಣ್ಣು. ಏನೋ ಕಂಡಿರಬೇಕು, ನನಗೆ ಹೇಳುತ್ತಿಲ್ಲ ಎಂದು ಎಲೋಯ್ಸಾಳ ಹತ್ತಿರ ಪೇಚಾಡುತ್ತಿದ್ದ. ಅವಳು ನಗುತ್ತಿದ್ದಳೇ ಹೊರತು ಏನೂ ಹೇಳುತ್ತಿರಲಿಲ್ಲ.

ಕಳೆದ ಬೇಸಗೆಯಲ್ಲಿ ಫೆರ್ಮಿನ್ ಏಣಿಯಿಂದ ಬಿದ್ದು ಎಡಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು. ಆ ಸಲ ಬೆಲಾರ್ಮಿನೊ ಹಬ್ಬಕ್ಕೆ ಕಾಯದೆ ಬಂದ. ಅವನೇ ಸೊರಗಿದ್ದ, ಲೋಟ ಹಿಡಿದ ಕೈ ನಡುಗಿ ಕಾಫಿ ಚೆಲ್ಲುತ್ತಿತ್ತು. ಹುಬ್ಬಿನ ಗಾಯವನ್ನು ಬಹಳ ಹೊತ್ತು ನೋಡಿದ.

"ಬೀಳ್ಬೇಡ ಕಣೋ," ಎಂದ. "ನನ್ನ ಕೈ ಮೊದಲಿನ ಹಾಗಿಲ್ಲ."

ನಿನ್ನ ಕೈಗೂ ನಾನು ಬೀಳುವುದಕ್ಕೂ ಏನು ಸಂಬಂಧ ಎಂದು ಕೇಳಲು ಫೆರ್ಮಿನ್‌ಗೆ ಧೈರ್ಯ ಬರಲಿಲ್ಲ. ಅದೇ ಅವರ ಕೊನೆಯ ಕಾಫಿ.

*

ಮೆರವಣಿಗೆ ನಡೆಯುವವನಿಗಿಂತ ನಿಧಾನವಾಗಿ ಗುಡ್ಡ ಹತ್ತಿತು. ಮುಂದೆ ಹೆಣದ ಗಾಡಿ, ಅದರ ಹಿಂದೆ ಫೆರ್ಮಿನ್, ಅವನ ಹಿಂದೆ ಕ್ಲಬ್ಬಿನ ಕಾರುಗಳ ಸಾಲು. ಹಿಂದಿನ ಕಾರಿನವರೆಲ್ಲ ಡಿಕ್ಕಿಯ ಮೇಲಿನ ತನ್ನ ಮುಖವನ್ನೇ ನೋಡುತ್ತ ಬರುತ್ತಿದ್ದಾರೆ ಎಂದು ಅವನಿಗೆ ಗೊತ್ತಿತ್ತು, ಕತ್ತಿನ ಹಿಂಭಾಗ ಉರಿಯುತ್ತಿತ್ತು. ಪಕ್ಕದಲ್ಲಿ ಕೂತ ಓರ್ಲಿಂಡಾ ಅಪ್ಪನ ಕುಂಚಗಳ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಸ್ಮಶಾನದಲ್ಲಿ ಅವನು ಕನ್ನಡಿ ನೋಡದೆ, ಕಿಟಕಿಯಿಂದ ತಲೆ ಹೊರಹಾಕಿ, ಓರ್ಲಿಂಡಾ ಹೇಳಿದ ಹಾಗೆ ಕಾರನ್ನು ಹಿಂದಕ್ಕೆ ತಂದ. ಪಂಪಿನ ಗುಂಡಿಗಳಿದ್ದ ಪುಟ್ಟ ಪೆಟ್ಟಿಗೆಯ ವೈರು ಉದ್ದವಾಗಿತ್ತು. ಅದನ್ನು ಹಿಡಿದು ಇಳಿದು, ವೈರು ಬಂದಷ್ಟು ದೂರ ಮುಂದಕ್ಕೆ ಬಂದು, ಡಿಕ್ಕಿಗೆ ಬೆನ್ನು ತಿರುಗಿಸಿ ನಿಂತ. ಗಾಳಿಯಲ್ಲಿ ಒಣಹಿಮ ಹಿಟ್ಟು ಜರಡಿ ಹಿಡಿದ ಹಾಗೆ ಉದುರತೊಡಗಿತು.

ಶವಪೆಟ್ಟಿಗೆ ಸಮಾಧಿಯ ಗುಂಡಿಗೆ ಇಳಿಯಿತು. ಪ್ರಾರ್ಥನೆ ಮುಗಿಯಿತು. ಕ್ಲಿಯೋಫಾಸ್ ಡಿಕ್ಕಿಯ ಹತ್ತಿರ ಹೋಗಿ ನಿಂತದ್ದು ಫೆರ್ಮಿನ್‌ಗೆ ಬೂಟಿನ ಸದ್ದಿನಿಂದ ತಿಳಿಯಿತು. ಆಮೇಲೆ ಕೇಳಿದ್ದು ಹೆಸರಲ್ಲ, ಒಂದು ಬಿಕ್ಕಳಿಕೆ. ನನ್ನ ಕೈಲಾಗಲ್ಲ ಗುರುಗಳೇ, ಇಲ್ಲೇ ಬರೆದಿದೆ, ನೀವೇ ಓದಿಬಿಡಿ ಎಂದು ಕ್ಲಿಯೋಫಾಸ್ ಯಾರಿಗೋ ಹೇಳಿದ.

ಯಾರಿಗೆ ಎಂದು ತಿಳಿದಾಗ ಫೆರ್ಮಿನ್ ವೈರಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಫಾದರ್ ಆನ್ಸೆಲ್ಮ್ ನೈಜೀರಿಯಾದವರು, ಈ ಊರಿಗೆ ಬಂದು ಒಂದು ಚಳಿಗಾಲವೂ ಕಳೆದಿರಲಿಲ್ಲ. ಒಳ್ಳೆಯವರು, ಮಾತು ಮಾತ್ರ ಪುಸ್ತಕದಿಂದ ಎದ್ದು ಬಂದ ಹಾಗೆ. ಕೆಮ್ಮಿನ ವಿಷಯ ಅವರಿಗೆ ಯಾರು ಹೇಳಿದ್ದಾರೆ?

"ಟ್ರಾಂಕಿಲಿನೊ," ಎಂದರು ಫಾದರ್, ಬಗ್ಗಿ ಓದುತ್ತ.

"ಹಾಜರ್!" ಎಂದಿತು ಜನ. ಫೆರ್ಮಿನ್‌ನ ಹೆಬ್ಬೆರಳು ಗುಂಡಿ ಒತ್ತಿತು. ಕಾರು ನಿಟ್ಟುಸಿರಿಟ್ಟು ಕೂತು ಎದ್ದಿತು.

"ಒನೆಸಿಮೊ."

"ಹಾಜರ್!"

ಕೂಗಬೇಡಿ ಎಂದು ಹೇಳಬೇಕು. ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತ್ತು. ಓಡಬೇಕು ಅನ್ನಿಸಿತು, ಕೈಯಲ್ಲಿ ವೈರು. ತನ್ನ ಹೆಸರಿಗೆ ತಾನೇ ಗುಂಡಿ ಒತ್ತಬೇಕಾದ ಗಳಿಗೆಯನ್ನು ಅವನು ಇಷ್ಟು ವರ್ಷ ಹೆದರಿದ್ದರಲ್ಲೂ ಒಮ್ಮೆಯೂ ಊಹಿಸಿರಲಿಲ್ಲ. ಎಲೋಯ್ಸಾ ಎಲ್ಲಿ ಎಂದು ಹುಡುಕಿದ. ಜನರ ನಡುವೆ ಅವಳ ಕರಿಯ ಸ್ಕಾರ್ಫು ಕಾಣಲಿಲ್ಲ.

"ಸಬಿನೊ."

"ಹಾಜರ್!"

ಕಾರು ಕೂತು ಎದ್ದಿತು. ಫೆರ್ಮಿನ್ ಕಣ್ಣು ಮುಚ್ಚಿದ.

ಹೆಸರು ಬರಲಿಲ್ಲ. ಕೆಮ್ಮೂ ಬರಲಿಲ್ಲ. ಹಿಮ ಟೋಪಿಯ ಮೇಲೆ ಬೀಳುವ ಸದ್ದು ಕೇಳಿತು. ಆಮೇಲೆ ಫಾದರ್ ಆನ್ಸೆಲ್ಮ್ ಅವರ ದನಿ, ಅವನ ಬೆನ್ನಿನ ಕಡೆಗೆ.

"ಕ್ಷಮಿಸಬೇಕು. ಮಿಕ್ಕವರೆಲ್ಲ ಯುವಕರು, ಇಲ್ಲೊಬ್ಬರು ವೃದ್ಧರಿದ್ದಾರೆ. ಇವರು ತಾವೇ ಅಲ್ಲವೇ? ತಾವು ಇಲ್ಲೇ ನಿಂತಿರುವಾಗ ತಮ್ಮ ಹೆಸರನ್ನು ನಾನೇಕೆ ಕೂಗಲಿ?"

ಯಾರೋ ಅಳುತ್ತಲೇ ನಕ್ಕರು. ಫೆರ್ಮಿನ್ ಕಣ್ಣು ಬಿಟ್ಟ. ವೃದ್ಧರು ಎಂದರೆ? ಅಲ್ಲಿ ಇರಬೇಕಾದದ್ದು ಆಲೂಗಡ್ಡೆ ಹೊಲದಿಂದ ಬಂದ ದಿನ ತಾನು ಕಂಡ ಹುಡುಗ, ಕರಿಯ ಕೂದಲಿನವನು. ಓರ್ಲಿಂಡಾ ಬಂದು ಮೊಣಕೈ ಹಿಡಿದಳು. ಇಷ್ಟು ವರ್ಷ ಅವನು ಹೋಗದ ದಾರಿಯಲ್ಲಿ, ಕಾರಿನ ಪಕ್ಕದಲ್ಲೇ, ಮೆಲ್ಲಗೆ ನಡೆಸಿಕೊಂಡು ಹಿಂದಕ್ಕೆ ಬಂದಳು.

ಅವನು ನೋಡಿದ.

ಟ್ರಾಂಕಿಲಿನೊ ಹಾಗೇ ಇದ್ದ, ಚಿಗುರು ಮೀಸೆ. ಒನೆಸಿಮೊನ ಗಲ್ಲದ ಮೇಲೆ ಒಂದು ಗೆರೆ ಇರಲಿಲ್ಲ. ಸಬಿನೊ ಅಣ್ಣನನ್ನು ಇನ್ನೂ ಕಾಡಿಸುವವನ ಹಾಗೆ ನಗುತ್ತಿದ್ದ. ಅವರ ಪಕ್ಕದಲ್ಲಿ ಒಬ್ಬ ಮುದುಕನಿದ್ದ. ಹಣೆ ಮೇಲಕ್ಕೆ ಸರಿದಿತ್ತು. ಮೀಸೆ ನರೆತಿತ್ತು. ಕಣ್ಣಿನ ಕೆಳಗೆ ಚೀಲ, ಬಿದ್ದ ಹಲ್ಲಿನ ಕಡೆಗೆ ಒಳಕ್ಕೆ ಹೋದ ಕೆನ್ನೆ, ಹೋದ ವರ್ಷ ಬದಲಾಯಿಸಿದ ಕನ್ನಡಕ. ಎಡಹುಬ್ಬಿನ ಮೇಲೆ ಏಣಿಯಿಂದ ಬಿದ್ದ ಗಾಯದ ಗೆರೆ ಇತ್ತು. ಆ ಒಂದು ಗೆರೆ ಮಾತ್ರ ನಡುಗಿತ್ತು.

"ಪ್ರತಿ ಹಬ್ಬಕ್ಕೂ ಅಪ್ಪ ನಿಮ್ಮ ಮನೆಯಿಂದ ಬಂದು ಬರೀತಿದ್ರು," ಎಂದಳು ಓರ್ಲಿಂಡಾ. "ಸತ್ತೋರಿಗೆ ವಯಸ್ಸಾಗಲ್ಲ, ಇವನಿಗೆ ಆಗ್ಬೇಕು ಅಂತ. ಎಮರಿ ಪೇಪರ್ ಮಾತ್ರ ಮುಟ್ಟಿಸ್ಲಿಲ್ಲ, ಬಟ್ಟೇಲಿ ಒರೆಸಿ ಹಳೇದರ ಮೇಲೇ ಬರೀತಿದ್ರು. ನಿಮಗೆ ಗೊತ್ತಿಲ್ಲ ಅಂತ ಎಲೋಯ್ಸಾ ಚಿಕ್ಕಮ್ಮ ಬಿಟ್ರೆ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ನೀವೇ ನೋಡೋವರೆಗೂ ಹೇಳ್ಬೇಡ ಅಂತ ಅಪ್ಪ ಅವರ ಹತ್ರ ಮಾತು ತಗೊಂಡಿದ್ರಂತೆ."

ಫೆರ್ಮಿನ್ ಕೈಗವಸು ತೆಗೆದು ಬೆರಳಿಟ್ಟ. ಗೆಳೆಯರ ಮುಖಗಳು ಗಾಜಿನ ಹಾಗೆ ನುಣುಪಾಗಿದ್ದವು, ಬೆರಳು ಜಾರಿತು. ಅವನ ಮುಖದ ಅಂಚಿಗೆ ಬಂದಾಗ ಬೆರಳು ತಡೆಯಿತು. ಬಣ್ಣದ ಮೇಲೆ ಬಣ್ಣ, ವಾರ್ನಿಶಿನ ಮೇಲೆ ವಾರ್ನಿಶು ಕೂತು ಕೂತು ಅದು ಮುಚ್ಚಳದಿಂದ ಮೇಲೆದ್ದಿತ್ತು. ಇಷ್ಟು ವರ್ಷ ತಾನು ಯಾವುದಕ್ಕೆ ಹೆದರಿ ಬದುಕಿದ್ದೆ ಎಂದು ನೆನೆದು ಅವನಿಗೆ ನಾಚಿಕೆಯಾಯಿತು, ಅಳು ಬಂತು. ಅದರ ಬೆನ್ನಿಗೇ ಇನ್ನೊಂದು ಭಯ ಬಂತು, ಮೊದಲಿನದಕ್ಕಿಂತ ತಣ್ಣಗೆ. ಬರುವ ಹಬ್ಬಕ್ಕೆ ಕಾಫಿಗೆ ಬರುವವರು ಯಾರು? ಇನ್ನು ಈ ಮುದುಕನಿಗೂ ವಯಸ್ಸಾಗುವುದಿಲ್ಲ.

ಫಾದರ್ ಮುಂದಿನ ಹೆಸರುಗಳನ್ನು ಓದಿದರು. ಜನ ಹಾಜರ್ ಎಂದರು, ಫೆರ್ಮಿನ್ ಗುಂಡಿ ಒತ್ತಿದ. ಕೊನೆಗೆ ಮುಚ್ಚಳದ ಮೇಲೆ ಇನ್ನೂ ಬರೆಯದ ಹೆಸರು ಬಂತು.

"ಬೆಲಾರ್ಮಿನೊ."

"ಹಾಜರ್," ಎಂದ ಫೆರ್ಮಿನ್, ಎಲ್ಲರಿಗಿಂತ ಮೊದಲು. ಕಾರು ಮಂಡಿಯೂರಿ ನೆಲಕ್ಕೆ ಕೂತಿತು. ಅವನು ಹೆಬ್ಬೆರಳು ತೆಗೆಯಲಿಲ್ಲ, ಅದನ್ನು ಹಾಗೇ ಕೂರಿಸಿದ.

ಜನ ಒಬ್ಬೊಬ್ಬರಾಗಿ ಗುಂಡಿಗೆ ಮಣ್ಣು ಹಾಕಿ ಗುಡ್ಡ ಇಳಿಯತೊಡಗಿದರು. ಎಲೋಯ್ಸಾ ದೂರದಲ್ಲಿ ಕಾಯುತ್ತ ನಿಂತಿದ್ದಳು. ಗಾಳಿಗೆ ಹಿಮ ಡಿಕ್ಕಿಯ ಮೇಲೆ ಹರಿದು ಬಂದು, ಟ್ರಾಂಕಿಲಿನೊ, ಒನೆಸಿಮೊ, ಸಬಿನೊ ಇವರ ಮುಖಗಳ ಮೇಲಿಂದ ನಿಲ್ಲದೆ ಜಾರಿ ಹೋಗುತ್ತಿತ್ತು. ಮುದುಕನ ಮುಖದ ಅಂಚಿನಲ್ಲಿ ಮಾತ್ರ ಅದು ನಿಂತಿತು, ಮೀಸೆಯಲ್ಲಿ, ಹುಬ್ಬಿನಲ್ಲಿ, ನಡುಗಿದ ಆ ಗೆರೆಯಲ್ಲಿ ತುಂಬಿಕೊಂಡಿತು. ಫೆರ್ಮಿನ್ ಕೋಟಿನ ತೋಳನ್ನು ಎಳೆದುಕೊಂಡು ಅದನ್ನು ಒರೆಸಿದ. ಹಿಮ ಮತ್ತೆ ಬಿತ್ತು. ಅವನು ಮತ್ತೆ ಒರೆಸಿದ.